ಮೂರನೇ ಗೇಟಿನ ಕೆಳಗ

ಹೆಸರು ಬೆಣ್ಣೆತೊರೆ. ನೀರು ಮಾತ್ರ
ಮೂರು ಸಲ ಕುದಿಸಿದ ಚಹಾ.
ಹನ್ನೊಂದು ಮೀಟರ್ ಇಳಿದ್ರ ಕೈಯೇ ಕಣ್ಣು.

ಗೇಟಿನ ರಬ್ಬರು ಹರಿದದ. ಎಷ್ಟು ಹರಿದದ
ತಡವಿ ನೋಡಿ ಹೇಳೋದು ನನ್ನ ಕೆಲಸ.
ಎಡಗೈ ಗೋಡಿಗಿ, ಬಲಗೈ ರಬ್ಬರಿಗಿ,
ಒಂದು ಗೇಣು, ಎರಡು, ಎರಡೂವರೆ
ಆಗ ಉಸಿರಿನ ಜೋಡಿ ನೀರು ಬಂತು.

ಗುಟುಕಲ್ಲ. ಅರ್ಧ ಚಮಚ.
ನಾಲಗಿ ಕೆಳಗ ಎರೆಮಣ್ಣಿನ ರುಚಿ.

ಕೆಮ್ಮು ಬಂದ್ರ ಬಾಯಾಗಿಂದ ತೆಗಿಬ್ಯಾಡ,
ಅದರೊಳಗೇ ಕೆಮ್ಮು ಅಂತ ಕಾರವಾರದಾಗ ಕಲಿಸಿದ್ರು.
ಅದರೊಳಗೇ ಕೆಮ್ಮಿದೆ.
ಗುಂಡಿ ಒತ್ತಿದೆ, ಗಾಳಿ ಭೊರ್ ಅಂತ ಹೊಡೀತು,
ನೀರು ಹೋತು. ಎಳಕೊಂಡೆ.
ಮತ್ತ ಅರ್ಧ ಚಮಚ.

ಹಲ್ಲಾಗ ಕಚ್ಚಿದ್ದು ಹರಿದಿರಬೇಕು:
ನಾಲಗಿಲೆ ತಡವಿದೆ, ಗಟ್ಟಿ ಅದ.
ತಲಿ ಓರೆ ಇರಬೇಕು: ನೆಟ್ಟಗ ಮಾಡಿದೆ.
ನಾಲಗಿ ಎತ್ತಿ ಅಂಗಳಕ್ಕ ಹಚ್ಚಿ
ಜೇನು ಬಿಡಿಸೋರು ಹೊಗಿಯಾಗ ಉಸಿರು ತಗೊಂಡಂಗ
ಸಣ್ಣಗ, ಸಣ್ಣಗ.

ಆಗ ಧೂಳಪ್ಪನ ನೆನಪಾತು.
ಸೂಪರ್ ಮಾರ್ಕೆಟ್ ಹಿಂದ ಗ್ಯಾಸ್ ಒಲಿ ರಿಪೇರಿ ಅಂಗಡಿ ಅವನ್ದು.
ನನ್ನ ರೆಗ್ಯುಲೇಟರೂ ಅವನೇ ಬಿಚ್ಚಿ ಜೋಡಸ್ತಾನ,
"ಹೆಸರು ಒಂದೇ ಅದಲ್ಲೋ" ಅಂತಾನ.
ಮೂರು ತಿಂಗಳ ಬಾಕಿ ಉಳಿಸಿಕೊಂಡೀನಿ ನಾ.
ಬಾಯಿ ತೆರೀಲಾರದ ಜಾಗದಾಗ
ಒಬ್ಬ ಮನಷ್ಯಾನ್ನ ಬೈಲಿಕ್ಕಿ ಎಷ್ಟು ಗಾಳಿ ಬೇಕು ಗೊತ್ತೇನು?
ಗೇಜು ಮುಖಕ್ಕ ಒತ್ತಿ ಹಿಡಿದು ನೋಡಿದೆ.
ಹತ್ತು ಬಾರ್ ಬೈದಿದ್ದೆ.

ಎದಿ ಮ್ಯಾಲ ಹಳದಿ ಪೈಪಿನ ಇನ್ನೊಂದು ಬಾಯಿ ಅದ.
ಅದು ನನಗಲ್ಲ, ಸಂಗಾತಿ ಉಸಿರು ತಪ್ಪಿದ್ರ ಕೊಡಲಿಕ್ಕಿ.
ಸಂಗಾತಿ ಮಶಾಕಸಾಬ ದೋಣ್ಯಾಗ ಹಗ್ಗ ಹಿಡಿದು ಕುಂತಾನ,
ಇಡೀ ಚಿತ್ತಾಪುರ ತಾಲ್ಲೂಕಿನ ಗಾಳಿ ಅವನ್ದೇ.

ಇದು ತೆಗೆದೆ, ಅದು ಇಟ್ಟೆ. ನಡುವ
ಬಾಯಾಗ ಏನೂ ಇಲ್ಲದ ಹೊತ್ತು.
ಆಗ ಗುಳ್ಳಿ ಬಿಡತಿರಬೇಕು, ಊ ಅಂತ, ಸಣ್ಣ ದನಿಲೆ.
ಭಾಳ ಉದ್ದ ಇತ್ತು ಆ ಊ.

ಹಳದಿದು ನಾಕು ಒಣಾ ಉಸಿರು ಕೊಟ್ಟಿತು.
ಐದನೇದಕ್ಕ ಹುಚ್ಚು ಹಿಡೀತು:
ಮದುವಿ ಮನಿ ಮುಂದ ನಳ ಮುರದ ಟ್ಯಾಂಕರಿನಂಗ
ಸುರೀತು, ಸುರೀತು.
ಬಾಯಿ ಕೆಳಗ ಮಾಡಿ ತಿರುವಿದೆ. ಬಡದೆ. ನಿಲ್ಲಲಿಲ್ಲ.

ಸಾಕು.
ಹಗ್ಗ ಮೂರು ಸಲ ಜಗ್ಗಿದೆ.
ತುಟಿ ಸಂದಿ ಬಿಟ್ಟು ಬೇಕಾದಷ್ಟು ಕುಡದೆ, ಉಳದದ್ದು ಹೋಗಲಿ,
ಸಣ್ಣ ಗುಳ್ಳಿ ಮುಂದ, ನಾ ಅದರ ಹಿಂದ,
ಅವಸರ ಮಾಡಿದ್ರ ಎದಿ ಒಡೀತದ.
ಚಹಾ. ಆಮ್ಯಾಲ ಬೆಲ್ಲದ ನೀರು.
ಆಮ್ಯಾಲ ಮಶಾಕಸಾಬನ ಗಡ್ಡ.

ಕಟ್ಟಿ ಮ್ಯಾಲ ಫರಸಿಗಿ ಟಾವೆಲ್ ಹಾಸಿ ಎರಡೂ ಬಿಚ್ಚಿದೆ.
ಹಳದಿದರಾಗ ಕೆಸರು. ಇರಲಿ, ಅದು ಅದರ ಊರು.
ಮೊದಲನೇದರಾಗ, ಉಸಿರು ಹೊರಗ ದಾಟೋ ಪೊರಿ ಕೆಳಗ
ಒಂದು ತೊಗರಿ ಹೊಟ್ಟು.

ಹೊಳಿಯಾಗಿಂದ ಬಂದದ್ದಲ್ಲ.
ಮನ್ಯಾಗ ನನ್ನ ಚೀಲ ಇಡೋದು ಬ್ಯಾಳಿ ಕೋಣ್ಯಾಗ.
ಅಲ್ಲೇ ಅವ್ವ ಮರ ಹಿಡಿದು ಹಸನ ಮಾಡತಾಳ.
ಮೋತಿಬಿಂದು ಬಂದು ಎರಡು ವರ್ಷಾತು,
ಬೆರಳಲೇ ಹರಳು ಗುರುತು ಹಿಡೀತಾಳ,
ಒಂದೂ ತಪ್ಪಿಲ್ಲ ಇಲ್ಲೀತನಕ.
ಹೊಟ್ಟು ಮಾತ್ರ ಊದ್ತಾಳ.
ಎಲ್ಲಿಗಿ ಹಾರಿತು ಅಂತ ಯಾರ ನೋಡತಾರ?

"ಏನಿತ್ತೋ?" ಅಂದ ಮಶಾಕಸಾಬ.
"ಏನಿಲ್ಲ, ಕಸ."
ಹೊಟ್ಟು ಬೀಡಿ ಕಟ್ಟಿನಾಗ ಇಟಗೊಂಡೆ.
ಧೂಳಪ್ಪಗ ಫೋನಿನ್ಯಾಗ ಬಾಕಿ ಎಲ್ಲಾ ಕಳಸಿದೆ,
"ಏನಾತೋ ನಿನಗ?" ಅಂತ ಕೇಳಿದ, ಹೇಳಲಿಲ್ಲ.

ಎಂಜಿನಿಯರ್ ಸಾಹೇಬ್ರು ಮ್ಯಾಲಿಂದ ಕೂಗ್ಲತ್ತಾರ,
ಎಷ್ಟು ಹರಿದದ?

ಎರಡೂವರೆ ಗೇಣಿನ ತನಕ ಎಣಿಸೀನ್ರೀ.
ಅಲ್ಲಿಂದ ಮುಂದ ಇನ್ನೂ ಅದ.